ಮಹಾರಾಜರ ಸಾಲು, ತೋಟಿಯ ಸಾಲು

ರಾಜ್ಯಾಂಗ ಸುಧಾರಣೆ ಎಂದ ಕೂಡಲೆ ಕಣ್ಣು ಅರಮನೆಯ ಕಡೆ ಹೋಗುತ್ತದೆ. ಮೈಸೂರು ಸಂಸ್ಥಾನದ ಕಥೆಯನ್ನು ನಾವು ಹೇಳಿಕೊಂಡು ಬಂದಿರುವುದೂ ಹಾಗೆಯೇ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, 1923ರಲ್ಲಿ ಎರಡೂ ಸಭೆಗಳಿಗೆ ಹೊಸ ಕಾನೂನು ಬಂತು, 1947ರಲ್ಲಿ ಮೈಸೂರು ಚಲೋ. ಈ ಕಥೆಯಲ್ಲಿ ದಿವಾನರಿದ್ದಾರೆ, ಚಾವಡಿಯಲ್ಲಿ ಕೂರುತ್ತಿದ್ದ ಪಟೇಲರಿಲ್ಲ, ಬಾಗಿಲ ಹೊರಗೆ ನಿಲ್ಲುತ್ತಿದ್ದ ತೋಟಿಯಂತೂ ಇಲ್ಲವೇ ಇಲ್ಲ. ಆದರೆ ಸಂಸ್ಥಾನದ ಸರ್ಕಾರವೆಂದರೆ ಹಳ್ಳಿಯವರ ಪಾಲಿಗೆ ಇವರೇ. ತೂಬಗೆರೆಯ ಕಡೆಯ ರೈತ ದಿವಾನರ ಮುಖವನ್ನೇ ನೋಡದೆ ಬಾಳಿ ಹೋಗಬಹುದಿತ್ತು. ಕಂದಾಯದ ಕಂತು ಬಂದಾಗ ತೋಟಿ ಬಂದು ಮನೆ ಮುಂದೆ ಕೂಗದ ವರ್ಷ ಮಾತ್ರ ಇರಲಿಲ್ಲ.

ಆದ್ದರಿಂದ ಮೇಲಿನ ಹುದ್ದೆ, ಕೆಳಗಿನ ಹುದ್ದೆ ಎರಡನ್ನೂ ಮುಟ್ಟಿದ ಕೆಲವು ಸಾಲುಗಳನ್ನು ಒಟ್ಟಿಗಿಟ್ಟು ಓದೋಣ. ಕೆಲವು ಸಂವಿಧಾನದವು, ಉಳಿದವು ನಮ್ಮ ರಾಜ್ಯದ ಎರಡು ಕಾಯ್ದೆಗಳವು. ಅಧಿಕೃತ ಅನುವಾದವನ್ನು ಇಲ್ಲಿ ಎತ್ತಿ ಬರೆದಿಲ್ಲ. ಕಾನೂನಿನ ಮಾತನ್ನು ಅರ್ಥ ಕೆಡದಂತೆ ಓದುವ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ.

ಮೊದಲು ಬೇಡಿಕೆ ಏನಿತ್ತು ಎಂದು ಒಂದು ಮಾತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಅಧ್ಯಕ್ಷತೆ ವಹಿಸಿದ್ದವರು ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯನವರು. ಅದೇ ತಿಂಗಳ 25ರಂದು ದೊಡ್ಡಬಳ್ಳಾಪುರಕ್ಕೆ ನೆರೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಆಗಲೂ ಕಾಂಗ್ರೆಸ್ಸಿನವರು ಕೇಳುತ್ತಿದ್ದದ್ದು ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ. ಸಿಂಹಾಸನ ಇರಲಿ, ದಿವಾನರು ಸಭೆಗೆ ಉತ್ತರ ಹೇಳುವಂತಾಗಲಿ, ಇಷ್ಟೇ. ಕೆ.ಆರ್. ಶ್ರೀನಿವಾಸಯ್ಯಂಗಾರ್ ಸಮಿತಿ ಕೂತಿತು, ವರದಿ ಬಂತು, 1940ರಲ್ಲಿ ಮೈಸೂರು ಸರ್ಕಾರದ ಕಾಯ್ದೆಯೂ ಆಯಿತು. ಸಭೆಗೆ ದಿವಾನರ ಮೇಲೆ ಹಿಡಿತ ಮಾತ್ರ ಸಿಗಲಿಲ್ಲ. ಅದು ಸಿಕ್ಕಿದ್ದು 1947ರ ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ. ಆಮೇಲೂ ಎರಡು ವರ್ಷ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ದಿವಾನರಾಗಿಯೇ ಇದ್ದರು. ಒಂದೇ ಸರ್ಕಾರದಲ್ಲಿ ದಿವಾನರೂ ಉಂಟು, ಮುಖ್ಯಮಂತ್ರಿಯೂ ಉಂಟು. ಹೊಸ ಹುದ್ದೆ ಬಂದರೂ ಹಳೆಯದು ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬುದಕ್ಕೆ ಇದು ಮೊದಲನೇ ಪುರಾವೆ.

“ರಾಜಪ್ರಮುಖ ಎಂದರೆ, ಮೈಸೂರು ರಾಜ್ಯದ ಮಟ್ಟಿಗೆ, ಆಯಾ ಕಾಲಕ್ಕೆ ರಾಷ್ಟ್ರಪತಿಯವರು ಮೈಸೂರಿನ ಮಹಾರಾಜರೆಂದು ಮಾನ್ಯ ಮಾಡಿರುವ ವ್ಯಕ್ತಿ.” (ಸಂವಿಧಾನ, 366ನೇ ವಿಧಿಯ 21ನೇ ಖಂಡ, 1950ರಲ್ಲಿ ಇದ್ದಂತೆ)

“ಮೈಸೂರು ರಾಜ್ಯದ ಮಟ್ಟಿಗೆ”: ಸಂವಿಧಾನ ಇಲ್ಲಿ ಹೈದರಾಬಾದ್, ಜಮ್ಮು ಮತ್ತು ಕಾಶ್ಮೀರ, ಮೈಸೂರು ಈ ಮೂರನ್ನು ಹೆಸರು ಹಿಡಿದು ಹೇಳುತ್ತದೆ. ಉಳಿದ ಕಡೆ ಹಲವು ಸಂಸ್ಥಾನಗಳನ್ನು ಕೂಡಿಸಿ ಒಂದು ಒಕ್ಕೂಟ ಮಾಡಿದ್ದರು. ಇದ್ದ ಅರಸರಲ್ಲಿ ಒಬ್ಬರು ರಾಜಪ್ರಮುಖರಾಗಬೇಕಿತ್ತು. ಮೈಸೂರಿನಲ್ಲಿ ಆ ತಾಪತ್ರಯವಿಲ್ಲ. ಒಂದು ಸಂಸ್ಥಾನ, ಒಬ್ಬರೇ ಅರಸರು.

“ಮಾನ್ಯ ಮಾಡಿರುವ”: ಸಾಲಿನ ಜೀವ ಇಲ್ಲಿದೆ. ಪಟ್ಟವೇರುವುದಕ್ಕೆ ಹುಟ್ಟು ಬೇಕು, ಶಾಸ್ತ್ರ ಬೇಕು, ಸಿಂಹಾಸನ ಬೇಕು ಎಂದಿದ್ದ ಹುದ್ದೆಯನ್ನು ಈ ಸಾಲು ರಾಷ್ಟ್ರಪತಿ ಭವನದ ಒಂದು ಕಾಗದಕ್ಕೆ ಕಟ್ಟಿಹಾಕಿತು. ಬ್ರಿಟಿಷರ ಕಾಲದಲ್ಲೂ ಮಾನ್ಯತೆ ಅವರ ಕೈಯಲ್ಲೇ ಇತ್ತು, ನಿಜ. ಆದರೆ ಅದು ಒಪ್ಪಂದದ ಮಾತು, ಇದು ಸಂವಿಧಾನದ ಮಾತು. ಕೊಟ್ಟ ಮಾನ್ಯತೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬ ಅರ್ಥವೂ ಅದರ ಹೊಟ್ಟೆಯಲ್ಲೇ ಇತ್ತು. ಅದು ಹೊರಗೆ ಬರುವುದಕ್ಕೆ 20 ವರ್ಷ ಹಿಡಿಯಿತು.

“ಆಯಾ ಕಾಲಕ್ಕೆ”: ಅವಧಿ ಇಲ್ಲ. ರಾಜ್ಯಪಾಲರಿಗೆ ಐದು ವರ್ಷ ಎಂದು ಬರೆದ ಸಂವಿಧಾನವೇ ರಾಜಪ್ರಮುಖರಿಗೆ ಲೆಕ್ಕ ಹಾಕಲಿಲ್ಲ. 1956ರ ಏಳನೇ ತಿದ್ದುಪಡಿ ಈ ಖಂಡವನ್ನೇ ಕಿತ್ತುಹಾಕಿತು. ಆ ನವೆಂಬರ್ 1ರಂದು ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. ಮನುಷ್ಯರು ಅವರೇ, ಏಳು ವರ್ಷ ತುಂಬುವುದರೊಳಗೆ ಮಹಾರಾಜರು, ರಾಜಪ್ರಮುಖರು, ರಾಜ್ಯಪಾಲರು ಎಂದು ಮೂರು ಬೇರೆ ಬೇರೆ ಸಾಲುಗಳ ಕೆಳಗೆ ಕೂತರು. ಜನ ಕರೆಯುತ್ತಿದ್ದದ್ದು ಮಾತ್ರ ಕೊನೆಯವರೆಗೂ ಮಹಾರಾಜರೆಂದೇ.

“ಸೈನಿಕ ಅಥವಾ ವಿದ್ಯಾ ಸಂಬಂಧದ ಗೌರವದ ಹೊರತು ಯಾವ ಬಿರುದನ್ನೂ ಪ್ರಭುತ್ವ ಕೊಡತಕ್ಕದ್ದಲ್ಲ.” (18ನೇ ವಿಧಿ, 1ನೇ ಖಂಡ)

ಮೈಸೂರು ದರ್ಬಾರು ಬಿರುದು ಕೊಡುವುದರಲ್ಲಿ ಕೈ ಬಿಗಿ ಹಿಡಿದದ್ದಲ್ಲ. ಬಿ.ಎಂ. ಶ್ರೀಕಂಠಯ್ಯನವರು ‘ರಾಜಸೇವಾಸಕ್ತ’, ಆರ್. ನರಸಿಂಹಾಚಾರ್ಯರು ‘ಪ್ರಾಕ್ತನ ವಿಮರ್ಶ ವಿಚಕ್ಷಣ’, ಮಿರ್ಜಾ ಇಸ್ಮಾಯಿಲರು ‘ಅಮೀನ್‌ ಉಲ್‌ ಮುಲ್ಕ್’. ಕೊಡತಕ್ಕದ್ದಲ್ಲ ಎಂದು ಸಂವಿಧಾನ ಹೇಳಿತೇ ಹೊರತು, ಕೊಟ್ಟದ್ದನ್ನು ಕಿತ್ತುಕೊಳ್ಳಿ ಎನ್ನಲಿಲ್ಲ. ದೇವನಹಳ್ಳಿ ದಾಟಿ ಮುಂದೆ ಹೋದರೆ ಸಿಗುವ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಬಂತು. ನಮ್ಮವರ ಬಾಯಲ್ಲಿ ಇವತ್ತಿಗೂ ಅವರು ‘ಸರ್ ಎಂ.ವಿ.’. ಭಾರತ ರತ್ನ, ಪದ್ಮ ಪ್ರಶಸ್ತಿಗಳೂ ಬಿರುದೇ ಅಲ್ಲವೇ ಎಂಬ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಡಿಸೆಂಬರ್‌ನಲ್ಲಿ ತೀರ್ಪಾಯಿತು: ಅವು ಬಿರುದಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದು. ಮದುವೆ ಕಾಗದಗಳಲ್ಲಿ, ಸನ್ಮಾನದ ಫ್ಲೆಕ್ಸುಗಳಲ್ಲಿ ಈ ತೀರ್ಪಿಗೆ ಎಷ್ಟು ಮರ್ಯಾದೆ ಇದೆ ಎಂಬುದು ಎಲ್ಲರಿಗೂ ಗೊತ್ತು. ಬಿರುದಿನಿಂದ ಹಸಿದವರ ಹೊಟ್ಟೆ ತುಂಬುವುದೂ ಇಲ್ಲ, ಬರಿದಾಗುವುದೂ ಇಲ್ಲ. ಮುಂದಕ್ಕೆ ಹೋಗೋಣ.

“ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸ ಇವುಗಳ ಕಾರಣಕ್ಕಷ್ಟೇ ಯಾವ ನಾಗರಿಕರನ್ನೂ ಸರ್ಕಾರದ ಹುದ್ದೆಗೆ ಅನರ್ಹರೆನ್ನುವಂತಿಲ್ಲ.” (16ನೇ ವಿಧಿ, 2ನೇ ಖಂಡ)

ಇದರ ಹಿಂದಿನ 15ನೇ ವಿಧಿಯಲ್ಲೂ ಇಂಥದೇ ಪಟ್ಟಿಯಿದೆ. ಆದರೆ ಅಲ್ಲಿ ‘ವಂಶ’ ಇಲ್ಲ. ಹುದ್ದೆಯ ಮಾತು ಬಂದಾಗ ಮಾತ್ರ ಸಂವಿಧಾನ ಅದನ್ನು ಸೇರಿಸಿದೆ. ಅಪ್ಪನಿಂದ ಮಗನಿಗೆ ಹುದ್ದೆ ಇಳಿದು ಬರುವ ಪದ್ಧತಿ ದೇಶದ ಹಳ್ಳಿ ಹಳ್ಳಿಯಲ್ಲಿ ಇದ್ದಾಗ ಬರೆದ ಸಾಲು ಇದು.

ಆಂಧ್ರದ ಒಂದು ಹಳ್ಳಿಯ ಮುನಸೀಬಿಕೆಗೆ ಇಬ್ಬರು ಜಗಳವಾಡಿ, 1895ರ ಮದರಾಸು ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯ್ದೆಯೇ ಕಟಕಟೆಗೆ ಬಂತು. ಗ್ರಾಮ ಹುದ್ದೆಯೂ ಸರ್ಕಾರದ ಹುದ್ದೆಯೇ, ವಂಶ ನೋಡಿ ಕೊಡುವಂತಿಲ್ಲ ಎಂದು 1960ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದೇ ಸಾಲನ್ನು ಮೇಲಕ್ಕೆತ್ತಿ ಅರಮನೆಗೆ ಹಿಡಿದರೆ? ಹಿಡಿಯುವಂತಿರಲಿಲ್ಲ. ಅರಸರ ಉತ್ತರಾಧಿಕಾರಕ್ಕೆ, ರಾಜಧನಕ್ಕೆ, ವಿಶೇಷ ಹಕ್ಕುಗಳಿಗೆ 291, 362ನೇ ವಿಧಿಗಳ ಕಾವಲಿತ್ತು. ಮುನಸೀಬನ ಮಗನಿಗೆ ವಂಶ ಒಂದು ದೋಷ. ಅರಸರ ಮಗನಿಗೆ ಅದೇ ಅರ್ಹತೆ. ಎರಡೂ ಒಂದೇ ಪುಸ್ತಕದಲ್ಲಿ, ಒಂದೇ ಕಾಲಕ್ಕೆ ಜಾರಿಯಲ್ಲಿದ್ದವು.

“ಸೇವೆ ನಡೆಯುತ್ತಿರಲಿ ನಿಂತಿರಲಿ, ಊರಿನಲ್ಲಿ ಅದಕ್ಕೆ ಯಾವ ಹೆಸರೇ ಇರಲಿ.” (ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, 1961, ‘ಗ್ರಾಮ ಹುದ್ದೆ’ ಎಂಬುದರ ವಿವರಣೆಯಿಂದ)

ಯಾವ ಹೆಸರೇ ಇರಲಿ ಎನ್ನುವುದಕ್ಕೆ ಕಾರಣವಿದೆ. 1956ರಲ್ಲಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆ ಮೈಸೂರು ಎಲ್ಲ ಒಂದಾಗಿ, ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು, ಒಂದೊಂದು ಕಾನೂನು. ನಮ್ಮ ಭಾಗಕ್ಕಿದ್ದದ್ದು 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆ. ಅದರ ಕೆಳಗೆ ಪಟೇಲ, ಶಾನುಭೋಗ ಮೇಲಿನವರು. ತೋಟಿ, ತಳವಾರ, ನೀರಗಂಟಿ ಕೆಳಗಿನವರು. ಪಟೇಲರದು ಕಂದಾಯ ವಸೂಲಿ ಮತ್ತು ಊರಿನ ಬಂದೋಬಸ್ತು. ಶಾನುಭೋಗರದು ಲೆಕ್ಕ: ಖಾತೆ, ಕಿರ್ದಿ, ಜಮಾಬಂದಿಯ ಹೊತ್ತಿಗೆ ಅಮಲ್ದಾರರ ಮುಂದೆ ಇಡುವ ಪುಸ್ತಕಗಳು. ತೋಟಿ ಗಡಿಕಲ್ಲು ತೋರಿಸಬೇಕು, ಡಂಗುರ ಸಾರಬೇಕು, ರೈತರನ್ನು ಚಾವಡಿಗೆ ಕರೆತರಬೇಕು, ವಸೂಲಾದ ಹಣ ತಾಲ್ಲೂಕು ಖಜಾನೆಗೆ ಇರಸಾಲಾಗಿ ಹೋಗುವಾಗ ಜೊತೆಗೆ ನಡೆಯಬೇಕು. ನೀರಗಂಟಿ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಬೇಕು. ಇಲ್ಲಿ ಗೌರವ ವಾಚಕವೂ ಹುದ್ದೆಯ ಜೊತೆಗೇ ಹಂಚಿಕೆಯಾಗಿತ್ತು. ‘ಪಟೇಲ್ರು ಬಂದ್ರು’, ‘ಶಾನುಭೋಗ್ರು ಹೇಳಿದ್ರು’ ಎಂದ ಬಾಯಲ್ಲೇ ‘ತೋಟಿ ಎಲ್ಲೋದ?’

ಸೇವೆ ನಿಂತಿರಲಿ ಎಂಬ ಮಾತು ನಮ್ಮ ಜಿಲ್ಲೆಗೆಂದೇ ಬರೆದಂತಿದೆ. ಅರ್ಕಾವತಿಯ ಸಾಲುಕೆರೆಗಳಲ್ಲಿ ನೀರು ನಿಲ್ಲುವುದು ಕಡಿಮೆಯಾಯಿತು, ಕೊಳವೆಬಾವಿ ಬಂತು, ನೀಲಗಿರಿ ಬಂತು. ತೂಬೇ ಹೂತುಹೋದ ಮೇಲೆ ನೀರಗಂಟಿ ಎತ್ತುವುದು ಏನನ್ನು? ಆದರೂ ಅವನ ಹುದ್ದೆಗೆ ಬಿಟ್ಟ ಜಮೀನು ಪಹಣಿಯಲ್ಲಿ ‘ನೀರಗಂಟಿ ಇನಾಂತಿ’ ಎಂದೇ ಇತ್ತು. ಕೆಲಸ ಸತ್ತರೂ ಹುದ್ದೆ ಬದುಕಿರುತ್ತದೆ ಎಂಬುದು ಕಾಯ್ದೆ ಬರೆದವರಿಗೆ ಗೊತ್ತಿತ್ತು.

“ಯಾವುದೇ ಕಾನೂನು, ರೂಢಿ, ಇತ್ಯರ್ಥ, ಮಂಜೂರಾತಿ, ಸನ್ನದು, ಆಜ್ಞೆ ಏನೇ ಹೇಳಿದರೂ, ನಿಗದಿಯಾದ ದಿನದಿಂದ” (ಅದೇ ಕಾಯ್ದೆ, 4ನೇ ಕಲಮು)

ಈ ಆರು ಹೆಸರುಗಳಲ್ಲಿ ಭಾರವಾದದ್ದು ಸನ್ನದು. ಅರಸರ ಕಡೆಯಿಂದ ಬಂದ ಬರಹ, ಮನೆಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟ ಕಾಗದ. ಮನೆತನದ ಸ್ಥಾನಮಾನ, ಹೆಣ್ಣು ಕೊಡುವ ತರುವ ಮಾತು, ಜಾತ್ರೆಯಲ್ಲಿ ಮೊದಲ ತಾಂಬೂಲ, ಎಲ್ಲವೂ ಅದರ ಮೇಲೆ ನಿಂತಿದ್ದವು. ಒಂದು ಉಪವಾಕ್ಯ ಅದನ್ನು ಹಳೆ ಕಾಗದ ಮಾಡಿತು. ನಿಗದಿಯಾದ ದಿನ 1963ರ ಫೆಬ್ರವರಿ 1.

“(1) ಎಲ್ಲ ಗ್ರಾಮ ಹುದ್ದೆಗಳು ರದ್ದಾಗಿವೆ. (2) ಹುದ್ದೆಗೆ ಸೇರಿದ ಹಕ್ಕು, ಸಂಬಳ, ಸವಲತ್ತು ನಂದಿಹೋಗಿವೆ.”

ಒಂದನೆಯದಕ್ಕೆ ವ್ಯಾಖ್ಯಾನ ಬೇಕಿಲ್ಲ. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು, ಅಮಲ್ದಾರರು ತಹಶೀಲ್ದಾರರಾದರು, ಶೇಕ್‌ದಾರರು ರಾಜಸ್ವ ನಿರೀಕ್ಷಕರಾದರು. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು. 2024ರಲ್ಲಿ ಅಂಥ 1000 ಹುದ್ದೆಗಳಿಗೆ ಪರೀಕ್ಷೆ ನಡೆದಾಗ ಬರೆಯಲು ಬಂದವರಲ್ಲಿ ಶಾನುಭೋಗರ ಮೊಮ್ಮಕ್ಕಳೂ ಇದ್ದಾರು, ತೋಟಿಯ ಮೊಮ್ಮಕ್ಕಳೂ ಇದ್ದಾರು. 16ನೇ ವಿಧಿ ಕೇಳಿದ್ದು ಇದನ್ನೇ.

ಎರಡನೆಯದರಲ್ಲಿ ‘ನಂದಿಹೋಗಿವೆ’ ಎಂಬ ಕ್ರಿಯೆಯನ್ನು ನೆನಪಿಡಿ. ಮುಂದೆ ಅರಮನೆಯ ಸಾಲಿನಲ್ಲಿ ಮತ್ತೆ ಬರುತ್ತದೆ.

“(3) ಹುದ್ದೆಗೆ ಬಿಟ್ಟುಕೊಟ್ಟಿದ್ದ ಜಮೀನನ್ನೆಲ್ಲ ಸರ್ಕಾರ ವಾಪಸು ಪಡೆದಿದೆ, ಅದಕ್ಕೆ ಇನ್ನು ಪೂರ್ತಿ ಕಂದಾಯ.”

ಕಷ್ಟವಿರುವುದು ಇಲ್ಲಿ. ತೋಟಿಗೆ ತಿಂಗಳ ಸಂಬಳವೆಂಬುದು ಹೆಸರಿಗಷ್ಟೇ. ಅವನ ಸಂಬಳವೆಂದರೆ ಊರಿನ ಅಂಚಿನ ತುಂಡು ಹೊಲ, ಕಣದಲ್ಲಿ ರಾಶಿ ಅಳೆಯುವಾಗ ಸಿಗುವ ಆಯ. ಹುದ್ದೆ ಹೋಯಿತು ಎಂದರೆ ಹೊಲ ಹೋಯಿತು ಎಂದೇ. ಅದಕ್ಕೆ ಮುಂದಿನ ಕಲಮುಗಳು ದಾರಿ ಬಿಟ್ಟವು: ಹುದ್ದೆಯಲ್ಲಿದ್ದವನು ಕಂದಾಯದ ಇಂತಿಷ್ಟು ಪಟ್ಟು ಹಣ ಕಟ್ಟಿದರೆ ಅದೇ ಜಮೀನು ಅವನಿಗೆ ಮರುಮಂಜೂರು. ಪಟೇಲರ ಮನೆಯವರಿಗೆ ಅರ್ಜಿ ಬರೆಯುವುದೂ ಗೊತ್ತಿತ್ತು, ತಾಲ್ಲೂಕು ಕಚೇರಿಯ ಮೆಟ್ಟಿಲೂ ಗೊತ್ತಿತ್ತು. ತಲೆಮಾರುಗಳಿಂದ ಆ ಕಚೇರಿಯ ಹೊರಗೇ ಕಾದು ನಿಂತವನಿಗೆ ತನ್ನ ಹೊಲವನ್ನೇ ತಾನು ಕೊಂಡುಕೊಳ್ಳಬೇಕು ಎಂಬ ನೋಟೀಸನ್ನು ಯಾರಾದರೂ ಓದಿ ಹೇಳಬೇಕಾಗಿತ್ತು. ಹಾಗೆ ಓದಿ ಹೇಳಿದವರೇ ಹಣ ಕೊಟ್ಟು ಹೊಲ ಬರೆಸಿಕೊಂಡ ಕಥೆಗಳು ನಮ್ಮ ಕಡೆ ಊರಿಗೊಂದಿವೆ.

1978ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡುವಂತಿಲ್ಲ ಎಂದರು. ಅಷ್ಟರಲ್ಲಿ 15 ವರ್ಷ ಆಗಲೇ ಕಳೆದಿತ್ತು.

ಇವತ್ತು ದೇವನಹಳ್ಳಿಯಲ್ಲೋ ಹೊಸಕೋಟೆಯಲ್ಲೋ ಜಮೀನು ಕೊಳ್ಳಲು ಹೋದವರು ವಕೀಲರ ಹತ್ತಿರ ಕಾಗದ ಇಟ್ಟರೆ, ಅವರು ಮೊದಲು ಕೇಳುವುದು ಕೈಬರಹದ ಪಹಣಿ. ಗಣಕೀಕೃತ ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಬಂದ ಬಗೆ, 11ರಲ್ಲಿ ಋಣ. ಎಲ್ಲ ಸರಿಯಿರುತ್ತದೆ. ಹಳೆಯದನ್ನು ತೆಗೆಸಿದರೆ ಹಳದಿ ಬಿದ್ದ ಹಾಳೆಯ ಮೂಲೆಯಲ್ಲಿ ಶಾನುಭೋಗರ ಮೋಡಿ ಅಕ್ಷರದಂಥ ಬರಹ: ‘ತೋಟಿ ಇನಾಂತಿ’. ವಕೀಲರು ಕನ್ನಡಕ ತೆಗೆದು ಕೆಳಗಿಡುತ್ತಾರೆ. ಮರುಮಂಜೂರಾತಿ ಆದೇಶ ಎಲ್ಲಿ, ಹಣ ಕಟ್ಟಿದ ರಸೀದಿ ಎಲ್ಲಿ, ಕ್ರಯ ಆದದ್ದು 1978ಕ್ಕೆ ಮುಂಚೆಯೋ ಆಮೇಲೋ? 2008ರಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಈ ಪ್ರಶ್ನೆಗಳ ಬೆಲೆ ಏರಿತು. ಅರವತ್ತು ವರ್ಷದ ಹಿಂದೆ ರದ್ದಾದ ಹುದ್ದೆ ನ್ಯಾಯಾಲಯದ ಕಡತಗಳಲ್ಲಿ ಇನ್ನೂ ಚಾಕರಿ ಮಾಡುತ್ತಿದೆ.

“ಅರಸರೆಂದು ಮಾನ್ಯತೆ ಪಡೆದವರ ಮಾನ್ಯತೆ ಈ ದಿನದಿಂದ ಇಲ್ಲ, ರಾಜಧನ ರದ್ದಾಗಿದೆ, ಅದಕ್ಕೆ ಸಂಬಂಧಿಸಿದ ಹಕ್ಕು ಬಾಧ್ಯತೆಗಳೆಲ್ಲ ನಂದಿಹೋಗಿವೆ.” (363-ಎ ವಿಧಿ, 26ನೇ ತಿದ್ದುಪಡಿ, 1971)

ಇದು ಸುಲಭಕ್ಕೆ ಬಂದ ಸಾಲಲ್ಲ. 1970ರಲ್ಲಿ ಮಸೂದೆ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಕೂದಲೆಳೆಯಲ್ಲಿ ಬಿದ್ದಿತು. ರಾಷ್ಟ್ರಪತಿ ಆದೇಶದಿಂದ ಮಾನ್ಯತೆ ಹಿಂದಕ್ಕೆ ಪಡೆದರೆ, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ಚುನಾವಣೆ ಗೆದ್ದು ಬಂದ ಇಂದಿರಾ ಗಾಂಧಿ ಮರುವರ್ಷ ಸಂವಿಧಾನವನ್ನೇ ತಿದ್ದಿದರು. ಮೈಸೂರಿನ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ, ತೆರಿಗೆ ಇಲ್ಲದೆ. ಅದು ನಿಂತಿತು.

ಈಗ ಎರಡು ಸಾಲುಗಳನ್ನು ಅಕ್ಕಪಕ್ಕ ಹಿಡಿಯಿರಿ. ‘ರದ್ದಾಗಿದೆ’, ‘ನಂದಿಹೋಗಿವೆ’: ತೋಟಿಗೆ ಹೇಳಿದ್ದೂ ಅದೇ, ಮಹಾರಾಜರಿಗೆ ಹೇಳಿದ್ದೂ ಅದೇ. ತೋಟಿಗೆ ಎಂಟು ವರ್ಷ ಮೊದಲು ಹೇಳಿದರು. ಅದು ದೊಡ್ಡ ವ್ಯತ್ಯಾಸವಲ್ಲ. 4ನೇ ಕಲಮಿನ ಮೂರನೇ ಖಂಡಕ್ಕೆ 363-ಎಯಲ್ಲಿ ಜೋಡಿ ಇಲ್ಲ, ನೋಡಬೇಕಾದದ್ದು ಅದನ್ನು. ಸಂಸ್ಥಾನ ವಿಲೀನವಾಗುವಾಗಲೇ ಅರಸರ ಖಾಸಗಿ ಆಸ್ತಿ ಬೇರೆ, ರಾಜ್ಯದ ಆಸ್ತಿ ಬೇರೆ ಎಂದು ಪಟ್ಟಿಯಾಗಿ, ಖಾಸಗಿಯದು ಅವರಿಗೇ ಉಳಿಯಿತು. ಬೆಂಗಳೂರು ಅರಮನೆಯನ್ನು ವಶಪಡಿಸಿಕೊಳ್ಳಲು 1996ರಲ್ಲಿ ಸರ್ಕಾರ ಬೇರೆಯೇ ಕಾಯ್ದೆ ಮಾಡಬೇಕಾಯಿತು. ಅದರ ವ್ಯಾಜ್ಯ ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ತೋಟಿಯ ಹೊಲವನ್ನು ಹೀಗೆ ಖಾಸಗಿ, ಸರ್ಕಾರಿ ಎಂದು ಪಟ್ಟಿ ಮಾಡಿದವರಿಲ್ಲ. ಅಷ್ಟೂ ಹುದ್ದೆಗೆ ಸೇರಿದ್ದೆಂದು ಮೊದಲು ಕಿತ್ತುಕೊಂಡು ಆಮೇಲೆ ಕ್ರಯಕ್ಕೆ ಕೊಟ್ಟರು. ಅರಸೊತ್ತಿಗೆಯ ಹುದ್ದೆಗಳನ್ನು ಕಳಚುವ ಕೆಲಸದಲ್ಲಿ ನಮ್ಮ ಗಣರಾಜ್ಯ ಮೇಲೆ ತೋರಿಸಿದ ನಾಜೂಕನ್ನು ಕೆಳಗೆ ತೋರಿಸಲಿಲ್ಲ ಎಂದು ನನಗನ್ನಿಸುವುದು ಇದಕ್ಕೇ.

“ಮಂಜೂರಾದ ಜಮೀನು ಎಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು, ಭೂಸುಧಾರಣೆ, ಭೂಮಿತಿ, ಇನಾಂ ರದ್ದಿಯಾತಿ ಕಾನೂನುಗಳ ಕೆಳಗೆ ಕೊಟ್ಟದ್ದೂ ಸೇರಿ, ವಂಶಪಾರಂಪರ್ಯ ಹುದ್ದೆ ಅಥವಾ ಹಕ್ಕುಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು.” (ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, 1978, 3ನೇ ಕಲಮು)

ಜನರ ಬಾಯಲ್ಲಿ ಇದು ಪಿಟಿಸಿಎಲ್. ಮಂಜೂರಾತಿಯ ಷರತ್ತು ಮುರಿದು ಅಥವಾ ಸರ್ಕಾರದ ಅನುಮತಿ ಇಲ್ಲದೆ ಮಾರಿದ ಜಮೀನನ್ನು ಉಪವಿಭಾಗಾಧಿಕಾರಿಯ (ಎಸಿ) ಕೋರ್ಟು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸು ಕೊಡಿಸುತ್ತದೆ. ಬಡವರ ಕೈಯಿಂದ ಜಾರಿದ ಭೂಮಿಗೆ ಇಂಥ ಬಲವಾದ ಕಾನೂನು ಬೇರೆ ಕಡೆ ಹೆಚ್ಚಿಲ್ಲ.

ಆದರೆ ಕೊನೆಯ ತುಣುಕನ್ನು ಮತ್ತೆ ಓದಿ. “ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು.” ಕಾಯ್ದೆಯೇ ಇರುವುದು ಪರಿಶಿಷ್ಟ ಜಾತಿ, ಪಂಗಡದವರಿಗಾಗಿ. ಅವರಲ್ಲಿ ವಂಶಪಾರಂಪರ್ಯವಾಗಿ ಪಟೇಲಿಕೆ, ಶಾನುಭೋಗಿಕೆ ನಡೆಸಿದವರು ಎಷ್ಟು ಜನ? ಅವರ ಪಾಲಿಗೆ ಬಂದದ್ದು ತೋಟಿತನ, ತಳವಾರಿಕೆ, ನೀರಗಂಟಿಕೆ. ಹೆಸರು ಹೇಳದೆಯೇ ಈ ಸಾಲು ಅವರನ್ನೇ ಹೊರಗಿಟ್ಟಿತು. ಅದೇ ಕೇರಿಯಲ್ಲಿ ದರಖಾಸ್ತಿನಲ್ಲಿ ಎರಡೆಕರೆ ಪಡೆದವರ ಮೊಮ್ಮಗ ಎಸಿ ಕೋರ್ಟಿಗೆ ಹೋಗಬಹುದು. ಪಕ್ಕದ ಮನೆಯ ತೋಟಿಯ ಮೊಮ್ಮಗನಿಗೆ ಆ ಬಾಗಿಲಿಲ್ಲ.

ಇದಕ್ಕೊಂದು ಸಮರ್ಥನೆಯೂ ಇದೆ, ಕೇಳಬೇಕಾದದ್ದೇ. ಮರುಮಂಜೂರಾತಿ ಸರ್ಕಾರದ ದಾನವಲ್ಲ, ಮೊದಲೇ ಇದ್ದ ಹಕ್ಕಿಗೆ ಕೊಟ್ಟ ಒಪ್ಪಿಗೆ. ಹಣ ಕಟ್ಟಿ ಪಡೆದದ್ದನ್ನು ಮಾರುವ ಸ್ವಾತಂತ್ರ್ಯವೂ ಇರಬೇಕು ಎಂಬುದು. ಒಪ್ಪೋಣ. ಹಾಗಾದರೆ 1961ರಲ್ಲಿ ‘ಮೊದಲೇ ಇದ್ದ ಹಕ್ಕು’ ನೆನಪಾಗದೆ ಜಮೀನು ವಾಪಸು ಪಡೆದದ್ದು ಹೇಗೆ? ಕಿತ್ತುಕೊಳ್ಳುವಾಗ ಅದು ಸರ್ಕಾರದ್ದು, ಕಾಪಾಡುವ ಮಾತು ಬಂದಾಗ ಅದು ನಿನ್ನದೇ. ಎರಡು ಕಾಯ್ದೆಗಳು ಒಬ್ಬನೇ ಮನುಷ್ಯನಿಗೆ ಹೇಳಿದ ಎರಡು ಮಾತು ಇವು.

ನನ್ನ ಸಲಹೆ ಚಿಕ್ಕದು. 3ನೇ ಕಲಮಿನ ಆ ತುಣುಕನ್ನು ತಿದ್ದಿ, ಕೆಳ ದರ್ಜೆಯ ಗ್ರಾಮ ಹುದ್ದೆಗಳ ಮರುಮಂಜೂರಾತಿಯನ್ನು ಕಾಯ್ದೆಯ ಒಳಕ್ಕೆ ತರಬೇಕು. ಹಿಂದಕ್ಕೆ ಹೋಗುವಂತೆ ಬೇಡ. ಸಾಲ ಮಾಡಿ ಸೈಟು ಕೊಂಡು ಮನೆ ಕಟ್ಟಿದವರನ್ನು ನಲವತ್ತು ವರ್ಷದ ಹಿಂದಿನ ಕ್ರಯಕ್ಕಾಗಿ ಎಬ್ಬಿಸುವುದು ಇನ್ನೊಂದು ಅನ್ಯಾಯ. ತಿದ್ದುಪಡಿಯ ದಿನದಿಂದ ಮುಂದೆ, ಆ ಕುಟುಂಬಗಳ ಕೈಯಲ್ಲಿ ಇನ್ನೂ ಉಳಿದಿರುವ ಗುಂಟೆಗಳ ಮಟ್ಟಿಗೆ, ಮಾರುವ ಮುಂಚೆ ಸರ್ಕಾರದ ಅನುಮತಿ ಬೇಕು ಎಂದರೆ ಸಾಕು. ಮರುಮಂಜೂರಾತಿಯ ಅರ್ಜಿ ಕೊಟ್ಟು ಹಣ ಕಟ್ಟಲಾಗದೆ ಬಿಟ್ಟವರ ಕಡತಗಳು ತಾಲ್ಲೂಕು ಕಚೇರಿಯಲ್ಲಿ ಇನ್ನೂ ಇದ್ದರೆ, ಆ ಕ್ರಯವನ್ನು ಸರ್ಕಾರ ಮನ್ನಾ ಮಾಡಿ ಇತ್ಯರ್ಥ ಮಾಡಲಿ. ಹಳೇ ಕಂದಾಯದ ಲೆಕ್ಕದಲ್ಲಿ ಅದು ಬೊಕ್ಕಸಕ್ಕೆ ಹೊರೆಯಾಗುವ ಮೊತ್ತವಲ್ಲ.

2023ರಲ್ಲಿ ವಿಧಾನಮಂಡಲ ಇದೇ ಪಿಟಿಸಿಎಲ್ ಕಾಯ್ದೆಯನ್ನು ಕೈಗೆತ್ತಿಕೊಂಡು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 5ನೇ ಕಲಮಿಗೆ ಸೇರಿಸಿತು. ಪುಸ್ತಕ ತೆರೆದೇ ಇತ್ತು, 3ನೇ ಕಲಮು ಎರಡು ಪುಟ ಹಿಂದಿತ್ತು. ಅದರ ಮೇಲೆ ಯಾರೂ ಪೆನ್ನು ಇಡಲಿಲ್ಲ.